ಹಂದಿ ಮಸೂದೆಯ ಎಲ್ಕನಾ

ಕಳೆದ ಯುಗಾದಿಗೆ ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ ಸ್ಪಂದನಾ ಅಂತ ಒಬ್ಬ ಹುಡುಗಿ ನನ್ನ ಹಿಂದೆ ನಿಂತಿದ್ದಳು. ಬೆಂಗಳೂರಿನವಳು, ಮದುವೆಯಾಗಿ ಡೆಟ್ರಾಯಿಟ್ ಕಡೆಗೆ ಬಂದು ಎರಡು ವರ್ಷವಾಗಿದೆ. “ಆಂಟಿ, ನಾನು ಒಂದು ಹಳೇ ರೆಕಾರ್ಡ್ಸ್ ಲೈಬ್ರರಿಗೆ ಅಪ್ಲೈ ಮಾಡಿದೀನಿ. ನೀವೂ ಅಂಥದೇ ಕೆಲಸ ಮಾಡ್ತಿದ್ರಂತಲ್ಲ, ಬೋರ್ ಆಗಲ್ವಾ?” ಅಂದಳು. ನನ್ನ ತಟ್ಟೆಗೆ ಆಗಷ್ಟೇ ಹೋಳಿಗೆ ಬಿದ್ದಿತ್ತು, ಹಿಂದೆ ಐವತ್ತು ಜನ ಕಾಯುತ್ತಿದ್ದರು. “ಆಮೇಲೆ ಹೇಳ್ತೀನಿ ಕಣಮ್ಮಾ” ಅಂದೆ. ಆ ‘ಆಮೇಲೆ’ಯೇ ಈ ಬರಹ.

ಮೈಸೂರಿನ ನೆಂಟರು ಕೇಳಿದಾಗಲೆಲ್ಲ ನಾನು ಕೊಡುತ್ತಿದ್ದ ಉತ್ತರ ಒಂದೇ: “ಸತ್ತುಹೋದ ಎಮ್ಮೆಲ್ಲೆಗಳ ಜಾತಕ ಬರೀತೀನಿ.” ಅದರಲ್ಲಿ ಸುಳ್ಳೇನೂ ಇಲ್ಲ. ನಮ್ಮದು ಲೈಬ್ರರಿಗಳಿಗೆ ಪರಾಮರ್ಶನ ಗ್ರಂಥ ಮಾಡಿಕೊಡುವ ಒಂದು ಪುಟ್ಟ ಕಂಪನಿ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ರಾಜ್ಯಗಳ ಶಾಸನಸಭೆಯಲ್ಲಿ ಕೂತು ಎದ್ದುಹೋದ ಪ್ರತಿಯೊಬ್ಬನ ಬಗ್ಗೆಯೂ ಎಂಟು ಹತ್ತು ಸಾಲು ಬರೆಯಬೇಕು. ಎಲ್ಲಿ ಹುಟ್ಟಿದ, ಏನು ಕೆಲಸ ಮಾಡಿದ, ಯಾವ ಮಸೂದೆ ತಂದ, ಎಲ್ಲಿ ಮಣ್ಣಾದ. ಇಲಿನಾಯ್‌ಗೆ ಒಂದು ಸಂಪುಟ, ಮಿಷಿಗನ್‌ಗೆ ಒಂದು ಸಂಪುಟ, ಹೀಗೆ. ಇಷ್ಟಕ್ಕೆ ನನ್ನ ಆಯುಸ್ಸಿನ ಇಪ್ಪತ್ತೇಳು ವರ್ಷ ಹೋಯಿತು. ಹೋಯಿತು ಅಂತ ಬರೆದೆನಲ್ಲ, ಅದು ಬಾಯಿ ರೂಢಿ ಅಷ್ಟೇ. ಬೇಜಾರಿನಿಂದ ಕಾರು ಹತ್ತಿದ ಬೆಳಗು ಒಂದು ಕೈ ಬೆರಳಿನಷ್ಟೂ ಇರಲಿಲ್ಲ.

ಮೊದಲು ಸೇರಿದ್ದು ಇಲಿನಾಯ್‌ನ ಡೆಸ್ ಪ್ಲೇನ್ಸ್ ಆಫೀಸಿಗೆ, ಏರ್‌ಪೋರ್ಟಿನ ಪಕ್ಕದಲ್ಲೇ. ವಿಮಾನಗಳು ತಲೆಯ ಮೇಲೇ ಇಳಿಯುತ್ತಿದ್ದವು. ಫೋನಿನಲ್ಲಿ ಮಾತಾಡುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ, ವಿಮಾನ ಇಳಿದ ಮೇಲೆ ಅದೇ ಪದದಿಂದ ಮುಂದುವರಿಸುತ್ತಿದ್ದರು. ನನ್ನ ಮೇಲಧಿಕಾರಿ ರಾಲ್ಫ್, ಸಂಪಾದಕ. ಉದ್ದ ಆಳು, ಬಿಳಿ ಮೀಸೆ, ಕೈಯಲ್ಲಿ ಸದಾ ಒಂದು ಹಸಿರು ಪೆನ್ಸಿಲ್. ಮೊದಲ ದಿನವೇ ಹೇಳಿಬಿಟ್ಟ: “ಇಲ್ಲಿ ‘ಬಹುಶಃ’ ಅನ್ನೋ ಪದ ಇಲ್ಲ. ಎರಡು ಕಾಗದ ತೋರಿಸಿದರೆ ಅಚ್ಚಾಗುತ್ತೆ. ಒಂದೇ ಕಾಗದ ಇದ್ದರೆ ಅದು ಗಾಳಿಮಾತು.”

ನಾನು ಬರೆದ ಮೊದಲ ಜೀವನಚಿತ್ರ ನೋಡಿ ಅವನು ಕನ್ನಡಕ ತೆಗೆದು ಒರೆಸಿಕೊಂಡ. ಮೈಸೂರಿನಲ್ಲಿ ಸ್ಮರಣ ಸಂಚಿಕೆ ಓದಿ ಬೆಳೆದವಳು ನಾನು. ಆ ಪುಣ್ಯಾತ್ಮ ಶಾಸಕನನ್ನು ಜನಾನುರಾಗಿ ಅಂದಿದ್ದೆ, ಸರಳ ಸಜ್ಜನ ಅಂದಿದ್ದೆ, ಕೊನೆಗೆ ‘ಅಪಾರ ಬಂಧುಬಳಗವನ್ನು ಅಗಲಿ ಕೀರ್ತಿಶೇಷರಾದರು’ ಎಂಬುದನ್ನು ನನ್ನ ಇಂಗ್ಲಿಷಿನಲ್ಲಿ ಹೇಗೋ ಹೊಂದಿಸಿದ್ದೆ. ರಾಲ್ಫ್ ಎಲ್ಲವನ್ನೂ ಹೊಡೆದು ‘ಸತ್ತ’ ಅಂತ ಒಂದೇ ಪದ ಬರೆದ. ವಯಸ್ಸಾದ ಗಂಡಸು, ಮನೆಯ ಯಜಮಾನ, ಅವರನ್ನು ಹೋಗಿ ಹೋಗಿ ‘ಸತ್ತ’ ಅನ್ನುವುದೇ? ಒಬ್ಬೊಬ್ಬ ಶಾಸಕನಿಗೂ ಒಂದೊಂದು ಕಾರ್ಡು ಇರುತ್ತಿತ್ತು, ಅದರಲ್ಲಿ ಹಾಗೇ ಬರೆದೆ, ಮನಸ್ಸಿನಲ್ಲಿ ಮಾತ್ರ ಇಪ್ಪತ್ತೇಳು ವರ್ಷವೂ ‘ತೀರಿಕೊಂಡರು’ ಅಂತಲೇ ಓದಿಕೊಂಡೆ.

ಕೈಬರಹದ ಪಟ್ಟಿಗಳೂ ನನ್ನ ಮರ್ಯಾದೆ ಬೇಕಾದಷ್ಟು ತೆಗೆದಿವೆ. ಒಂದು ಹಳೇ ಪಟ್ಟಿಯಲ್ಲಿ ಶಾಸಕರ ಹುಟ್ಟೂರು ಬರೆದಿದ್ದರು. ಮೊದಲ ಹೆಸರಿನ ಮುಂದೆ ವರ್ಮಾಂಟ್ ಅಂತಿತ್ತು, ಅದರ ಕೆಳಗೆ ಹನ್ನೊಂದು ಜನರಿಗೆ ‘ಡಿ’, ‘ಓ’ ಅಂತ ಎರಡೇ ಅಕ್ಷರ. ಡೂ ಅನ್ನುವುದು ಯಾವುದೋ ಊರೇ ಇರಬೇಕು, ಎಂಥ ಪುಣ್ಯಭೂಮಿಯಪ್ಪಾ, ಒಂದೇ ಊರಿನಿಂದ ಹನ್ನೊಂದು ನಾಯಕರು ಅಂದುಕೊಂಡು ನಕ್ಷೆಯಲ್ಲಿ ಎರಡು ದಿನ ಹುಡುಕಿದೆ. ಅದು ‘ಡಿಟ್ಟೊ’, ಮೇಲಿನಂತೆಯೇ ಅಂತ. ನಮ್ಮ ತಾಲ್ಲೂಕು ಕಚೇರಿಯವರು ‘ಸದರಿ’ ಅಂತ ಬರೆಯುವುದಿಲ್ಲವೇ, ಅದೇ. ಅಮೆರಿಕದ ಯಾರೋ ಹುಡುಗಿ ಮಂಡ್ಯಕ್ಕೆ ಬಂದು ಸದರಿ ಎಂಬ ಊರು ಹುಡುಕಿದ್ದರೆ ನಾವು ಎಷ್ಟು ನಗುತ್ತಿದ್ದೆವೋ ರಾಲ್ಫ್ ಅಷ್ಟೇ ನಕ್ಕ.

ಇದಕ್ಕಿಂತ ದೊಡ್ಡ ಎಡವಟ್ಟು ಕಾರ್ಡುಗಳದ್ದು. ಇಲಿನಾಯ್ ಶಾಸಕರ ಕಾರ್ಡುಗಳನ್ನೆಲ್ಲ ಅಕ್ಷರಾನುಕ್ರಮವಾಗಿ ಜೋಡಿಸು ಅಂತ ರಾಲ್ಫ್ ಹೇಳಿ ಎರಡು ವಾರ ರಜೆಗೆ ಹೋದ. ನಮ್ಮಲ್ಲಿ ಹೇಗೆ? ಹೆಚ್. ಎಸ್. ಅಂಬುಜಾ ಅಂದರೆ ಹೆಚ್ ಹುಲ್ಲಹಳ್ಳಿ, ಎಸ್ ಶ್ರೀನಿವಾಸಯ್ಯ, ಮನುಷ್ಯಳು ಮಾತ್ರ ಅಂಬುಜಾ. ಶಾಲೆಯ ಹಾಜರಿಯಲ್ಲೂ ಬ್ಯಾಂಕಿನಲ್ಲೂ ನನ್ನನ್ನು ಹುಡುಕುವುದು ‘ಅ’ದಲ್ಲಿ. ನಾನು ಅದೇ ನ್ಯಾಯವನ್ನು ಆ ಮಹನೀಯರಿಗೂ ಒದಗಿಸಿದೆ. ಜಾನ್‌ಗಳಿಗೇ ಒಂದೂವರೆ ಡ್ರಾಯರ್ ಆಯಿತು, ವಿಲಿಯಂಗಳಿಗೆ ಒಂದು. ಬೇಗ ಸಿಗಲಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲರ ಹೆಸರನ್ನೂ ಕನ್ನಡದಲ್ಲಿ, ಅ ಆ ಇ ಈ ಕ್ರಮದಲ್ಲಿ ಬರೆದಿಟ್ಟೆ. ರಜೆ ಮುಗಿಸಿ ಬಂದ ರಾಲ್ಫ್ ಬೇಕರ್ ಎಂಬುವವನ ಕಾರ್ಡಿಗಾಗಿ ‘ಬಿ’ ತೆರೆದರೆ ಅಲ್ಲಿ ಬರೀ ಬೆಂಜಮಿನ್‌ಗಳು. ಒಂದು ನಿಮಿಷ ಅವನ ಮೀಸೆ ಅಲುಗಿತು, ಬೈಯುತ್ತಾನೆ ಅಂದುಕೊಂಡೆ. ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಆಮೇಲೆ ಮೂರು ವಾರ ಕೂತು ನಾನು ಎಲ್ಲವನ್ನೂ ಮನೆಹೆಸರಿನ ಪ್ರಕಾರ ಮತ್ತೆ ಜೋಡಿಸಿದೆ. ನೋಟ್‌ಬುಕ್ ಬಿಸಾಡಲು ಮನಸ್ಸಾಗಲಿಲ್ಲ, ಕನ್ನಡದಲ್ಲಿ ಬರೆದದ್ದಲ್ಲವೇ.

ಹಾಗೆ ಜೋಡಿಸುವಾಗ ಕೆಲವು ಹೆಸರು ನಾಲಿಗೆಗೆ ಅಂಟಿಕೊಂಡವು. ಒಂದು ಎಲ್ಕನಾ. ಬೈಬಲ್ಲಿನ ಹೆಸರಂತೆ. ನನ್ನ ಕಿವಿಗೆ ಅದು ನಮ್ಮ ಕಡೆಯವರು “ಎಲ್ ಕಣಾ?” ಅಂತ ಕೂಗಿದ ಹಾಗೇ ಕೇಳಿಸಿತು. ಆ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ಎಲ್ಕನಾ ರಸ್ಕ್, ಶಾಲಾ ಮೇಷ್ಟರು, ಒಂದು ಅವಧಿಗೆ ಶಾಸಕ, ನಂತರ ರಾಜ್ಯ ಬಿಟ್ಟು ಹೋದ, ಮುಂದಿನ ವಿಷಯ ತಿಳಿದಿಲ್ಲ. ಎಲ್ಲಿ ಕಣಾ ಅಂದರೆ ಉತ್ತರವೇ ಇಲ್ಲ! ಮನೆಗೆ ಹೋಗಿ ಇದನ್ನು ಹೇಳಿ ನಾನೂ ನಮ್ಮನೆಯವರೂ ನಕ್ಕಿದ್ದು ನೆನಪಿದೆ. ಮಗಳು ಮಾತ್ರ ಪುಸ್ತಕದಿಂದ ತಲೆಯೆತ್ತಿ, “ಅಮ್ಮಾ, ಹೀ ಈಸ್ ಡೆಡ್. ಲೀವ್ ಹಿಮ್ ಅಲೋನ್” ಅಂದಳು.

ಕೆಲವು ವರ್ಷಗಳಾದ ಮೇಲೆ ನಮ್ಮನೆಯವರಿಗೆ ಮಿಷಿಗನ್‌ನ ವಾರೆನ್‌ನಲ್ಲಿ ಕಾರು ಕಂಪನಿಯ ಟೆಕ್ನಿಕಲ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಹತ್ತು ವರ್ಷ ಬರೀ ಕಾರಿನ ಬಾಗಿಲ ಕೀಲುಗಳನ್ನೇ ಡಿಸೈನ್ ಮಾಡಿದ ಮನುಷ್ಯ. ಮನೆಯ ಬೀರುವಿನ ಬಾಗಿಲು ಕಿರ್ ಅಂದರೆ ಮಾತ್ರ ಕೇಳಿಸುವುದಿಲ್ಲ! ಅದೇ ಹೊತ್ತಿಗೆ ನಮ್ಮ ಕಂಪನಿ ಮಿಷಿಗನ್ ಸಂಪುಟಕ್ಕೆಂದು ವಿಕ್ಸಮ್‌ನಲ್ಲಿ ಒಂದು ಆಫೀಸು ತೆರೆದು ರಾಲ್ಫ್‌ನನ್ನು ಅಲ್ಲಿಗೆ ಕಳಿಸಿತು. ನಾನೂ ಹಿಂದೆಯೇ ಹೋದೆ. ನಡುವೆ ಎಲ್ಲೋ ಮನೆ ಮಾಡಿದೆವು. ಬೆಳಿಗ್ಗೆ ಅವರು ಪೂರ್ವಕ್ಕೆ ಡ್ರೈವ್ ಮಾಡುತ್ತಿದ್ದರು, ನಾನು ಪಶ್ಚಿಮಕ್ಕೆ.

ವಿಕ್ಸಮ್ ಆಫೀಸು ಒಂದು ಇಂಡಸ್ಟ್ರಿಯಲ್ ಪಾರ್ಕಿನೊಳಗಿತ್ತು. ಒಂದು ಕಡೆ ಬೇರಿಂಗ್ ಮಾರುವವರು, ಇನ್ನೊಂದು ಕಡೆ ಪ್ಲಾಸ್ಟಿಕ್ ಅಚ್ಚು ಒತ್ತುವವರು. ಗೋಡೆಯಾಚೆ ಧಡ್ ಧಡ್ ಅಂತ ಯಂತ್ರ ಒತ್ತುತ್ತಿದ್ದರೆ ಈಚೆ ನಾವು ನೂರೈವತ್ತು ವರ್ಷದ ಹಿಂದಿನವರ ಮದುವೆ, ಮಕ್ಕಳು, ಮತಗಳನ್ನು ಎಣಿಸುತ್ತಿದ್ದೆವು. ಆ ಹೊತ್ತಿಗೆ ಭೂತಗನ್ನಡಿಯೂ ಮೈಕ್ರೋಫಿಲ್ಮೂ ಹಿಂದೆ ಸರಿದು ಕಂಪ್ಯೂಟರ್ ಬಂದಿತ್ತು. ಹಳೇ ಕಲಾಪಗಳ ಪುಸ್ತಕವನ್ನೆಲ್ಲ ಸ್ಕ್ಯಾನ್ ಮಾಡಿ ಹಾಕಿದ್ದರು, ಬೇಕಾದ ಪದ ಒತ್ತಿದರೆ ಪುಟ ಬರುತ್ತಿತ್ತು. ನಾನು ಹಿಗ್ಗಿಹೋಗಿದ್ದೆ. ಆ ಹಿಗ್ಗಿನಲ್ಲೇ ನನ್ನ ವೃತ್ತಿಯ ಅತ್ಯಂತ ನಾಚಿಕೆಗೇಡಿನ ಕಾಗದ ಬರೆದೆ.

ಮಿಸ್ ಥಾರ್ನ್‌ಬಿ ಎಂಬ ನಿವೃತ್ತ ಶಾಲಾ ಶಿಕ್ಷಕಿಯಿಂದ ಒಂದು ಪತ್ರ ಬಂದಿತ್ತು. ‘ನನ್ನ ಮುತ್ತಜ್ಜ ಎಲ್ಕನಾ ಥಾರ್ನ್‌ಬಿ ಮಿಷಿಗನ್‌ನಲ್ಲಿ ಶಾಸಕರಾಗಿದ್ದದ್ದು ನಿಮಗೆ ಗೊತ್ತೇ ಇದೆ. ಅದಕ್ಕೂ ಮುಂಚೆ ಅವರು ಇಲಿನಾಯ್‌ನಲ್ಲೂ ಶಾಸಕರಾಗಿದ್ದರು. ದಯವಿಟ್ಟು ಅದನ್ನೂ ಸೇರಿಸಿ’ ಅಂತ. ನಾನು ಇಲಿನಾಯ್ ಪಟ್ಟಿಯಲ್ಲಿ ಥಾರ್ನ್‌ಬಿ ಅಂತ ಒತ್ತಿದೆ, ಬರಲಿಲ್ಲ. ಅರ್ಧ ನಿಮಿಷದ ಕೆಲಸ. ‘ನಮ್ಮ ಇಲಿನಾಯ್ ಪಟ್ಟಿಯಲ್ಲಿ ಥಾರ್ನ್‌ಬಿ ಎಂಬ ಶಾಸಕರು ಇಲ್ಲ. ತಮ್ಮ ಕುಟುಂಬದ ಮಾಹಿತಿ ತಪ್ಪಿರುವಂತೆ ಕಾಣುತ್ತದೆ’ ಅಂತ ಎರಡು ವಾಕ್ಯ ಬರೆದು ಕಳಿಸಿ ಊಟಕ್ಕೆ ಹೋದೆ.

ಒಂದು ವಾರದ ನಂತರ ವಾಕರ್ ಹಿಡಿದುಕೊಂಡು ಒಬ್ಬ ಮುದುಕಿ ನಮ್ಮ ಆಫೀಸಿಗೆ ಬಂದರು. ನೆಟ್ಟಗೆ ಇಸ್ತ್ರಿ ಮಾಡಿದ ಕೋಟು, ಕತ್ತಿನಲ್ಲಿ ಕನ್ನಡಕದ ಸರ. ನನ್ನ ಮೇಜಿನ ಮೇಲೆ ನನ್ನದೇ ಕಾಗದ ಬಿಡಿಸಿಟ್ಟರು.

“ಈ ಮೊದಲನೇ ವಾಕ್ಯ ನಿಮಗೆ ಗೊತ್ತಿದ್ದ ವಿಷಯ ಅಲ್ವಾ?”

“ಹೌದು.”

“ಎರಡನೇ ವಾಕ್ಯ?”

ನಾನು ಆ ವಾಕ್ಯ ನೋಡಿದೆ. ಮೂರನೇ ಕ್ಲಾಸಿನ ಹುಡುಗಿಯ ಹಾಗೆ ನನ್ನ ಕಿವಿ ಬಿಸಿಯಾಯಿತು. “ಗೊತ್ತಿರಲಿಲ್ಲ, ಮಿಸ್ ಥಾರ್ನ್‌ಬಿ. ಗೊತ್ತಿಲ್ಲದೇನೇ ಬರೆದೆ.”

“ಸರಿ, ಒಪ್ಕೊಂಡ್ರಲ್ಲ. ಹಾಗಾದ್ರೆ ಕೂತು ಮಾತಾಡೋಣ” ಅಂದು ಕುರ್ಚಿ ಎಳೆದುಕೊಂಡರು.

ಅವರು ಹೇಳಿದ್ದು ಇದು. ನಲವತ್ತು ವರ್ಷ ಮೂರನೇ ತರಗತಿಗೆ ಪಾಠ ಮಾಡಿದವರು. ಪ್ರತಿ ವರ್ಷ ಎಲೆ ಉದುರುವ ಕಾಲದಲ್ಲಿ ಒಂದು ಶುಕ್ರವಾರ ಮಕ್ಕಳಿಗೆ ಮುತ್ತಜ್ಜನ ಕತೆ ಹೇಳುತ್ತಿದ್ದರು, ಎರಡು ರಾಜ್ಯಗಳಲ್ಲಿ ಶಾಸಕನಾದವನ ಕತೆ. ಊರಿನ ಇತಿಹಾಸದ ಗೀಳು ಹತ್ತಿದ ಒಬ್ಬರು ಸ್ಥಳೀಯ ಪತ್ರಿಕೆಗೆ ಕಾಗದ ಬರೆದು, ಇಲಿನಾಯ್‌ನಲ್ಲಿ ಯಾವ ಥಾರ್ನ್‌ಬಿಯೂ ಶಾಸಕನಾಗಿರಲಿಲ್ಲ, ಶಾಲೆಯಲ್ಲಿ ಸುಳ್ಳು ಕಲಿಸುತ್ತಿದ್ದಾರೆ ಅಂದರು. ಹೆಡ್‌ಮಾಸ್ಟರು ಕರೆದು ಆ ಕತೆ ಬೇಡ ಅಂದರು. ಕೊನೆಯ ಹನ್ನೆರಡು ವರ್ಷ ಮಿಸ್ ಥಾರ್ನ್‌ಬಿ ಅದನ್ನು ಯಾರಿಗೂ ಹೇಳಲಿಲ್ಲ. ನಿವೃತ್ತಿಯಾದ ಮೇಲೂ ಬಾಯಿ ಬಿಟ್ಟಿರಲಿಲ್ಲ.

“ಆ ಕತೆ ನನಗೆ ಹೇಳಿದ್ದು ನಮ್ಮಜ್ಜಿ. ಅಜ್ಜಿಗೆ ಹೇಳಿದ್ದು ಅವರ ಮಾವ, ಆ ಎಲ್ಕನಾನೇ. ನಮ್ಮಜ್ಜಿ ಸುಳ್ಳು ಹೇಳಿದ್ರು ಅಂತ ಒಪ್ಕೊಂಡು ಸಾಯೋಕೆ ನಾನು ತಯಾರಿಲ್ಲ. ನಿಮ್ಮ ಪುಸ್ತಕ ಅಚ್ಚಿಗೆ ಹೋಗೋದು ಯಾವಾಗ?”

“ಇನ್ನಾರು ವಾರ.”

“ನನಗೆ ತೊಂಬತ್ತೊಂದು. ಎರಡನೇ ಮುದ್ರಣಕ್ಕೆ ಕಾಯೋಕಾಗಲ್ಲ.”

ಆ ಕತೆಯನ್ನು ನನಗಾದರೂ ಹೇಳಿ, ಹುಡುಕಲು ಸುಲಭವಾಗುತ್ತದೆ ಅಂದೆ. ತಲೆಯಾಡಿಸಿದರು. “ಹೇಳಿದ್ರೆ ನೀವು ಅದಕ್ಕೆ ತಕ್ಕ ಹಾಗೆ ಹುಡುಕ್ತೀರ. ಒಂದು ಪದ ಕೊಡ್ತೀನಿ. ಹಂದಿ.”

ಹಂದಿ! ಅವರು ಹೊರಟ ಮೇಲೆ ಕಂಪ್ಯೂಟರಿನಲ್ಲಿ ಹಂದಿ ಅಂತ ಒತ್ತಿದೆ. ಇಲಿನಾಯ್ ಕಲಾಪಗಳಲ್ಲಿ ಒಂದೂ ಬರಲಿಲ್ಲ. ಊರು ತುಂಬ ಹಂದಿ ಸಾಕುತ್ತಿದ್ದ ಕಾಲದ ಶಾಸನಸಭೆಯಲ್ಲಿ ಹಂದಿಯ ಹೆಸರೇ ಎತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಪುಟಗಳನ್ನು ಸುಮ್ಮನೆ ಮಗುಚುತ್ತಾ ಹೋದೆ. ಒಂದು ಕಡೆ ‘ಹುಡುಗರು ಬೀದಿಯಲ್ಲಿ ಸ್ವೇಚ್ಛೆಯಾಗಿ ತಿರುಗದಂತೆ ತಡೆಯುವ ಮಸೂದೆ’ ಅಂತ ಕಂಡಿತು. ಪರವಾಗಿಲ್ಲವೇ, ನಮ್ಮ ಬಡಾವಣೆಗೂ ಬೇಕು ಇಂಥದ್ದು ಅಂದುಕೊಂಡು ಕೆಳಗೆ ಓದಿದರೆ, ಆ ಹುಡುಗರನ್ನು ದೊಡ್ಡಿಯಲ್ಲಿ ಕಟ್ಟಿಹಾಕಬೇಕು, ಮೂಗಿಗೆ ಉಂಗುರ ಹಾಕಬೇಕು ಅಂತೆಲ್ಲ ಇದೆ. ಆಗ ತಲೆಗೆ ಹೊಳೆಯಿತು. ಇಂಗ್ಲಿಷಿನ ‘ಹಾಗ್ಸ್’ ಅನ್ನುವುದನ್ನು ಯಂತ್ರ ‘ಬಾಯ್ಸ್’ ಅಂತ ಓದಿಕೊಂಡಿದೆ! ಅಚ್ಚಿನ ಮಸಿ ಹರಡಿದ್ದರಿಂದ ಹಂದಿಗಳೆಲ್ಲ ಹುಡುಗರಾಗಿದ್ದವು. ರಾಲ್ಫ್‌ಗೆ ತೋರಿಸಿದೆ. ಅವನು ಆ ಪುಟವನ್ನು ಪ್ರಿಂಟ್ ಮಾಡಿ ಕಾಫಿ ಯಂತ್ರದ ಮೇಲೆ ಅಂಟಿಸಿದ. ಸ್ಪಂದನಾ, ಕಂಪ್ಯೂಟರ್ ‘ಇಲ್ಲ’ ಅಂದರೆ ಅದಕ್ಕೆ ಕಾಣಿಸಲಿಲ್ಲ ಅಂತ ಮಾತ್ರ ಅರ್ಥ. ಮೂಲ ಪುಟವನ್ನು ಕಣ್ಣಾರೆ ನೋಡು.

ಅಸಲಿ ಪುಸ್ತಕ ತರಿಸಿ ಓದಿದೆ. ಆ ಮಸೂದೆ ತಂದವನು ಒಬ್ಬ ಶಾಲಾ ಮೇಷ್ಟರು. ಹಂದಿಗಳು ಶಾಲೆಯ ಒಳಗೇ ನುಗ್ಗಿ ಮಕ್ಕಳ ಬುತ್ತಿ ತಿಂದುಹಾಕುತ್ತಿವೆ, ಅವನ್ನು ಬೇಲಿಯೊಳಗೆ ಇಡಿ ಅಂತ ಅವನ ವಾದ. ಸಭೆಯೆಲ್ಲ ನಕ್ಕಿತು. ಒಬ್ಬ ಸದಸ್ಯ ಎದ್ದು, ಹಂದಿಗಳಿಗೂ ಓದು ಕಲಿಸುವಂತೆ ಮಸೂದೆಗೆ ತಿದ್ದುಪಡಿ ತನ್ನಿ ಅಂದ. ಮಸೂದೆ ಬಿದ್ದುಹೋಯಿತು. ಮೇಷ್ಟರ ಹೆಸರು ಮಿಸ್ಟರ್ ರಸ್ಕ್ ಅಂತಿತ್ತು, ಅಷ್ಟೇ.

ರಸ್ಕ್ ಅಂದರೆ ಯಾರು? ವರ್ಷಗಳ ಹಿಂದೆ ಎಲ್ಲೋ ಕಂಡ ಹೆಸರು, ಎಲ್ಲಿ ಅಂತ ನೆನಪಾಗಲಿಲ್ಲ. ನನ್ನ ಕನ್ನಡ ನೋಟ್‌ಬುಕ್ ತೆಗೆದೆ. ಮಿಸ್ ಥಾರ್ನ್‌ಬಿಯ ಮುತ್ತಜ್ಜ ಎಲ್ಕನಾ ಅಲ್ಲವೇ, ‘ಎ’ ತೆರೆದೆ. ಎಲ್ಕನಾ ರಸ್ಕ್. ಇಲಿನಾಯ್‌ನ ಸಾವಿರಾರು ಹೆಸರುಗಳಲ್ಲಿ ಎಲ್ಕನಾ ಅವನೊಬ್ಬನೇ. ಮನೆಹೆಸರಿನಿಂದ ಹುಡುಕುವವರಿಗೆ ರಸ್ಕ್ ಒಂದು ಡ್ರಾಯರಿನಲ್ಲಿ, ಥಾರ್ನ್‌ಬಿ ಇನ್ನೊಂದರಲ್ಲಿ, ಅವರು ಎದುರುಬದುರಾಗುವುದೇ ಇಲ್ಲ. ಒಬ್ಬ ಇಲಿನಾಯ್ ಬಿಟ್ಟ ಮೇಲೆ ಏನಾದ ಅಂತ ಗೊತ್ತಿಲ್ಲ, ಇನ್ನೊಬ್ಬ ಮಿಷಿಗನ್‌ಗೆ ಬರುವ ಮುಂಚೆ ಏನಾಗಿದ್ದ ಅಂತ ಗೊತ್ತಿಲ್ಲ. ಮಿಷಿಗನ್ ಕಲಾಪ ನೋಡಿದರೆ ಎಲ್ಕನಾ ಥಾರ್ನ್‌ಬಿ ಸಭೆಗೆ ಬಂದ ಮೊದಲ ತಿಂಗಳೇ ತಂದದ್ದು ಹಂದಿ ಮಸೂದೆ. ಈ ಸಲ ಅದು ಗೆದ್ದಿತು.

ನಾನು ಕುಣಿಯುತ್ತಾ ರಾಲ್ಫ್‌ನ ಮೇಜಿಗೆ ಹೋದೆ. ಅವನು ಮೊಟ್ಟೆಯ ಸ್ಯಾಂಡ್‌ವಿಚ್ ಕೆಳಗಿಟ್ಟು ಎಲ್ಲ ಕೇಳಿದ. “ಅಂಬುಜಾ, ಆ ಕಾಲದಲ್ಲಿ ಎಲ್ಲರ ಮನೇಲೂ ಬೈಬಲ್ ಇತ್ತು, ಎಲ್ಲರ ಮನೇಲೂ ಹಂದಿ ಇತ್ತು. ಒಬ್ಬ ಮನುಷ್ಯ ತನ್ನ ಮನೆಹೆಸರು ಯಾಕೆ ಬಿಡ್ತಾನೆ? ಎರಡು ಕಾಗದ ತಂದ್ಕೊಡು.”

ಮುಖ ಊದಿಸಿಕೊಂಡು ಮನೆಗೆ ಬಂದೆ. ಹುಳಿಗೆ ಒಗ್ಗರಣೆ ಹಾಕುತ್ತಾ ನಮ್ಮನೆಯವರಿಗೆ ಹೇಳಿದೆ. “ಮನೆಹೆಸರು ಯಾಕೆ ಬಿಡ್ತಾನೆ ಅಂತೆ! ಸಾಲ ಮಾಡಿದ್ನೋ, ಕೊಲೆ ಮಾಡಿದ್ನೋ, ಏನು ಅಂತ ಹುಡುಕ್ಲಿ?”

ಅವರು ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಲೇ ಇಲ್ಲ. “ನಿಮ್ಮ ತಾತ ಯಾವ ಕೊಲೆ ಮಾಡಿದ್ರು?”

ನಾನು ಸೌಟು ಹಿಡಿದು ಹಾಗೇ ನಿಂತೆ. ನಮ್ಮ ತಾತ ಹುಟ್ಟಿದ್ದು ತಲಕಾಡಿನ ಮನೆಯಲ್ಲಿ, ಟಿ ಅಕ್ಷರದಲ್ಲಿ. ಎಂಟನೇ ವಯಸ್ಸಿನಲ್ಲಿ ಹುಲ್ಲಹಳ್ಳಿಯ ಸೋದರಮಾವನಿಗೆ ಮಕ್ಕಳಿಲ್ಲ ಅಂತ ದತ್ತು ಹೋದರು. ಅಂದಿನಿಂದ ಹೆಚ್. ಗೋತ್ರವೂ ಬೇರೆ, ಅಪ್ಪನ ಹೆಸರೂ ಬೇರೆ. ಹೆಚ್. ಎಸ್. ಅಂಬುಜಾ ಎನ್ನುವ ನನ್ನ ಹೆಸರಿನಲ್ಲಿ ಆ ಹೆಚ್ ಬಂದದ್ದೇ ಆ ದತ್ತಿನಿಂದ! “ರೀ, ಅವನು ದತ್ತು ಹೋಗಿದಾನೆ!” ಅಂತ ಕಿರುಚಿದೆ. ಒಗ್ಗರಣೆ ಸೀದುಹೋಯಿತು. ಆ ದಿನದ ಹುಳಿ ತಿಂದವರಿಗೆ ಅದರ ಪರಿಣಾಮ ಗೊತ್ತು.

ಮಾರನೇ ದಿನದಿಂದ ಕೌಂಟಿ ಕೋರ್ಟಿನ ಕಡತದ ಕೋಣೆಯಲ್ಲಿ ಠಿಕಾಣಿ ಹೂಡಿದೆ. ದತ್ತು ಅಂದಮೇಲೆ ಮಕ್ಕಳಿಲ್ಲದ ಒಬ್ಬ ಥಾರ್ನ್‌ಬಿ ಇರಲೇಬೇಕು. ಎಲ್ಕನಾನ ಜಮೀನು ಯಾರಿಂದ ಬಂತು ಅಂತ ಹಿಂದಕ್ಕೆ ಹೋದರೆ ಜೋನಸ್ ಥಾರ್ನ್‌ಬಿ ಎಂಬ ಮುದುಕ ಸಿಕ್ಕಿದ. ಅವನ ಉಯಿಲನ್ನು ಹುಡುಕಲು ಒಂಬತ್ತು ದಿನ ಬೇಕಾಯಿತು. ಯಾರೋ ಅದನ್ನು ದನಗಳ ಕಿವಿಗುರುತಿನ ಪಟ್ಟಿಯ ಕಟ್ಟಿನಲ್ಲಿ ಸೇರಿಸಿಬಿಟ್ಟಿದ್ದರು. ಧೂಳಿಗೆ ಸೀನುತ್ತಾ ಸೀನುತ್ತಾ ಬಿಡಿಸಿದೆ. ‘ಇಲಿನಾಯ್‌ನಲ್ಲಿರುವ ನನ್ನ ತಂಗಿಯ ಮಗ ಎಲ್ಕನಾ ರಸ್ಕ್‌ಗೆ ನನ್ನ ಹೊಲ, ಮನೆ, ಗಿರಣಿ. ಆದರೆ ಅವನೂ ಅವನ ಸಂತಾನವೂ ಥಾರ್ನ್‌ಬಿ ಎಂಬ ಹೆಸರಿನಿಂದಲೇ ಬಾಳತಕ್ಕದ್ದು, ಮತ್ತೊಂದು ಹೆಸರು ಕೂಡದು.’ ನಾನು ಕೂಗಿದ ಕೂಗಿಗೆ ಗುಮಾಸ್ತೆ ಓಡಿಬಂದು ಹಾವೇನಾದರೂ ಬಂತೇ ಅಂತ ಕೇಳಿದಳು. ಸೋದರಮಾವನೇ! ಹುಲ್ಲಹಳ್ಳಿಯೇ! ಅವಳನ್ನು ತಬ್ಬಿಕೊಂಡುಬಿಟ್ಟೆ, ಪಾಪ.

ಎರಡನೇ ಕಾಗದ ಸುಲಭವಾಗಿ ಸಿಕ್ಕಿತು. ಆ ಕಾಲದಲ್ಲಿ ಹೆಸರು ಬದಲಿಸಬೇಕಾದರೆ ಶಾಸನಸಭೆಯೇ ಒಬ್ಬೊಬ್ಬರಿಗೂ ಒಂದು ಪುಟ್ಟ ಕಾಯ್ದೆ ಮಾಡುತ್ತಿತ್ತು. ಉಯಿಲಿನ ಮುಂದಿನ ವರ್ಷದ ಮಿಷಿಗನ್ ಕಾಯ್ದೆ ಪುಸ್ತಕದಲ್ಲಿ ಮೂರು ಸಾಲು: ಎಲ್ಕನಾ ರಸ್ಕ್ ಇನ್ನು ಮುಂದೆ ಎಲ್ಕನಾ ಥಾರ್ನ್‌ಬಿ. ಆ ಮನೆಯವರು ಮಾವನ ಷರತ್ತನ್ನು ಎಷ್ಟು ನಿಯತ್ತಾಗಿ ಪಾಲಿಸಿದ್ದರೆಂದರೆ ರಸ್ಕ್ ಎಂಬ ಹೆಸರು ಮೊಮ್ಮಕ್ಕಳ ಕಿವಿಗೂ ಬಿದ್ದಿರಲಿಲ್ಲ. ಕತೆ ಮಾತ್ರ ಉಳಿದುಕೊಂಡು ಬಂದಿತ್ತು.

ಅಚ್ಚಿಗೆ ಇನ್ನೂ ಹನ್ನೊಂದು ದಿನ ಇತ್ತು. ಎರಡೂ ಕಾಗದಗಳನ್ನು ರಾಲ್ಫ್‌ನ ಮುಂದಿಟ್ಟು ಕೈಕಟ್ಟಿ ನಿಂತೆ. ಒಂದು ಸಲ ಓದಿದ. ಇನ್ನೊಂದು ಸಲ ಓದಿದ. ಹಸಿರು ಪೆನ್ಸಿಲ್ ಕೈಗೆತ್ತಿಕೊಂಡು, ಏನೂ ಹೊಡೆಯದೆ, ಮತ್ತೆ ಕೆಳಗಿಟ್ಟ.

“ಇದು ನಿನಗೆ ಹೇಗೆ ಹೊಳೀತು?”

“ದತ್ತು” ಅಂದೆ. ಅವನಿಗೆ ತಾತನ ಕತೆ, ಹೆಚ್ ಅಕ್ಷರದ ಕತೆ ಎಲ್ಲ ಹೇಳಿದೆ. ಮರುದಿನ ನೋಡುತ್ತೇನೆ, ಗೋಡೆಯ ಮೇಲಿನ ಪರಿಶೀಲನಾ ಪಟ್ಟಿಗೆ ಒಂದು ಹೊಸ ಸಾಲು ಸೇರಿದೆ: ಮನುಷ್ಯ ಏಕಾಏಕಿ ಕಾಣೆಯಾದರೆ ‘ದತ್ತು’ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ, ಹಸಿರು ಪೆನ್ಸಿಲಿನಲ್ಲಿ. ನಾನು ನಿವೃತ್ತಳಾಗುವ ಹೊತ್ತಿಗೆ ಆಫೀಸಿನ ಎಳೆಯರೆಲ್ಲ “ಡಿಡ್ ಯೂ ದತ್ತು ಹಿಮ್?” ಅಂತ ಕೇಳಿಕೊಳ್ಳುತ್ತಿದ್ದರು. ಬಡ್ತಿ ಗಿಡ್ತಿ ಏನೋ ಬಂದವು, ಅವುಗಳ ವಿಷಯ ಬಿಡಿ. ಗೋಡೆಯ ಮೇಲಿನ ಆ ಸಾಲು ನೋಡಿದಾಗಲೆಲ್ಲ ನನಗೆ ಜಂಬ ಬರುತ್ತಿತ್ತು.

ಪುಸ್ತಕ ಅಚ್ಚಾಗಿ ಬಂದ ದಿನ ನಾನೇ ಒಂದು ಪ್ರತಿ ಹಿಡಿದುಕೊಂಡು ಮಿಸ್ ಥಾರ್ನ್‌ಬಿ ಇದ್ದ ವೃದ್ಧಾಶ್ರಮಕ್ಕೆ ಹೋದೆ. ಅವರು ಆ ಚಳಿಗಾಲದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಇನ್ನು ಏಳುತ್ತಾರೋ ಇಲ್ಲವೋ ಅಂತ ಫೋನಿನಲ್ಲಿ ಹೇಳಿದ್ದರು. ದಾರಿಯುದ್ದಕ್ಕೂ ಒಂದೇ ಯೋಚನೆ, ತಡವಾಯಿತೇನೋ ಅಂತ. ಎಕ್ಸಿಟ್ ತಪ್ಪಿಸಿಕೊಂಡು ನಾಲ್ಕು ಮೈಲಿ ಮುಂದೆ ಹೋಗಿ ತಿರುಗಿಸಿಕೊಂಡು ಬಂದೆ.

ಕೋಣೆಯಲ್ಲಿ ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ತೀರಾ ಇಳಿದುಹೋಗಿದ್ದರು. ಕ್ಯಾರಲ್ ಎಂಬ ನಲವತ್ತರ ಆಸುಪಾಸಿನ ಆರೈಕೆಯ ಹೆಂಗಸು ಅವರಿಗೆ ಸೂಪು ಕುಡಿಸುತ್ತಿದ್ದಳು. ನಾನು ಪುಟ ತೆರೆದು ಓದಿದೆ. ರಾಲ್ಫ್‌ನ ಒಣ ಒಂಬತ್ತು ಸಾಲು. ಎಲ್ಕನಾ ಥಾರ್ನ್‌ಬಿ, ಹುಟ್ಟುಹೆಸರು ಎಲ್ಕನಾ ರಸ್ಕ್. ಶಾಲಾ ಮೇಷ್ಟರು, ರೈತ. ಇಲಿನಾಯ್ ಶಾಸಕ, ನಂತರ ಮಿಷಿಗನ್ ಶಾಸಕ. ಎರಡೂ ಸಭೆಗಳಲ್ಲಿ ಹಂದಿಗಳನ್ನು ಬೇಲಿಯೊಳಗಿಡುವ ಮಸೂದೆ ಮಂಡಿಸಿದ, ಮೊದಲನೆಯದು ಬಿತ್ತು, ಎರಡನೆಯದು ಕಾಯ್ದೆಯಾಯಿತು. ಕೊನೆಯಲ್ಲಿ ‘ಸತ್ತ’ ಅಂತಿತ್ತು. ಓದುವಾಗ ನಾನು ತೀರಿಕೊಂಡರು ಅಂದೆ.

“ಇನ್ನೊಂದು ಸಲ” ಅಂದರು. ಓದಿದೆ. “ರಸ್ಕ್” ಅಂತ ಮೆಲ್ಲಗೆ ಹೇಳಿ ನೋಡಿಕೊಂಡರು, ಹೊಸ ಕೋಟು ತೊಟ್ಟು ನೋಡುವ ಹಾಗೆ. ಆಮೇಲೆ ಕಣ್ಣು ಮುಚ್ಚಿ, “ಅಜ್ಜೀ” ಅಂದರು, ಅಷ್ಟೇ. ನನ್ನ ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳಲಿಲ್ಲ.

ಕ್ಯಾರಲ್ ಸೂಪಿನ ಬಟ್ಟಲು ಕೆಳಗಿಟ್ಟಳು.

“ಮಿಸ್ ಥಾರ್ನ್‌ಬಿ, ಇದು ಆ ಹಂದಿ ಕತೇನಾ?”

ಮುದುಕಿ ಕಣ್ಣು ಬಿಟ್ಟರು. “ನಿನಗೆ ಹೇಗೆ ಗೊತ್ತು?”

“ನಾನು ನಿಮ್ಮ ಕ್ಲಾಸಲ್ಲಿದ್ದೆ. ನಿಮಗೆ ನೆನಪಿರಲ್ಲ, ಹಿಂದಿನ ಬೆಂಚು. ನಮ್ಮಕ್ಕ ನನಗಿಂತ ಮುಂಚೆ ನಿಮ್ಮ ಕ್ಲಾಸಲ್ಲಿದ್ಲು. ಅವಳಿಗೆ ನೀವು ಹೇಳಿದ್ರಿ. ಹಂದಿ ಥರ ಗುಟುರು ಹಾಕ್ತೀರ ಅಂತ ಮನೇಲಿ ಆಡಿ ತೋರಿಸ್ತಿದ್ಲು. ನಾನು ಮೂರನೇ ಕ್ಲಾಸಿಗೆ ಬಂದ ಮೇಲೆ ಪ್ರತಿ ಶುಕ್ರವಾರ ಕಾದೆ.” ಅವಳ ದನಿ ಸಣ್ಣದಾಯಿತು. “ನೀವು ನಮಗೆ ಹೇಳಲೇ ಇಲ್ಲ.”

ಮಿಸ್ ಥಾರ್ನ್‌ಬಿ ಅವಳನ್ನೇ ನೋಡಿದರು. ಎರಡೂ ಕೈಗಳನ್ನು ಹಾಸಿಗೆಗೆ ಊರಿ ನೆಟ್ಟಗೆ ಕೂರಲು ನೋಡಿದರು, ಆಗಲಿಲ್ಲ. ನಾನೊಂದು ಕಡೆ, ಕ್ಯಾರಲ್ ಒಂದು ಕಡೆ ಹಿಡಿದು ಕೂರಿಸಿದೆವು. ಕನ್ನಡಕ ಸರಿಮಾಡಿಕೊಂಡರು.

“ಟಿ.ವಿ. ಆರಿಸು. ಕೂತ್ಕೊ. ನೀವೂ ಕೂತ್ಕೊಳ್ಳಿ, ಅಂಬುಜಾ, ಮಧ್ಯೆ ಬಾಯಿ ಹಾಕಬೇಡಿ, ನಿಮಗೆ ಕೊನೆ ಗೊತ್ತಿದೆ.” ನಾವಿಬ್ಬರೂ ಕೂತೆವು. ತೊಂಬತ್ತೊಂದು ವರ್ಷದ ಆ ಟೀಚರು ಉಸಿರು ತುಂಬಿಕೊಂಡು, ಮೂಗು ಸೊಟ್ಟ ಮಾಡಿ, ಇಡೀ ವೃದ್ಧಾಶ್ರಮಕ್ಕೆ ಕೇಳಿಸುವಂತೆ ಒಂದು ಗುಟುರು ಹಾಕಿದರು.